ಓಣಿ ಸುಮ್ಮನಾದಾಗ

ನಮ್ಮ ಓಣಿಯಲ್ಲಿ ಸದ್ದು ನಿಂತರೆ ನಾವು ಮೊದಲು ತಲೆ ಎತ್ತಿ ಫ್ಯಾನು ನೋಡುತ್ತೇವೆ. ಫ್ಯಾನೂ ನಿಂತಿದ್ದರೆ ನೆಮ್ಮದಿ; ಹೋದದ್ದು ಕರೆಂಟು, ಮನುಷ್ಯರಲ್ಲ. ಇದು ನಿಮಗೆ ವಿಚಿತ್ರವಾಗಿ ಕಾಣಬಹುದು. ಬೇರೆ ಊರಿನ ಜನ ಸದ್ದಾದರೆ ಬೆಚ್ಚುತ್ತಾರೆ. ಬನಹಟ್ಟಿಯ ನೇಕಾರರ ಓಣಿಯವರಾದ ನಾವು ಸದ್ದು ನಿಂತರೆ ಬೆಚ್ಚುತ್ತೇವೆ. ಬೆಳಗಿನ ಚಹಾದ ಹೊತ್ತಿಗೆ ಶುರುವಾಗಿ ರಾತ್ರಿ ಬಹಳ ಹೊತ್ತಿನ ತನಕ ನಡೆಯುವ ಪಾವರ್‌ಲೂಮುಗಳ ಖಟಖಟ ನಮ್ಮ ಉಸಿರಾಟದ ಹಾಗೆ, ಇದ್ದಾಗ ಕೇಳಿಸುವುದಿಲ್ಲ. ಮನೆಗೆ ಬಂದ ಬೀಗರು ಮೊದಲ ದಿನ ಹಣೆ ಒತ್ತಿಕೊಳ್ಳುತ್ತ, ಇದರೊಳಗೆ ಹೇಗೆ ನಿದ್ದೆ ಮಾಡುತ್ತೀರೋ ಎಂದು ಕೇಳುತ್ತಾರೆ. ನಾವು ಅವರ ಊರಿಗೆ ಹೋದಾಗ ಮಾತ್ರ, ಮಗ್ಗವಿಲ್ಲದ ಆ ಹಾಳು ನಿಶ್ಶಬ್ದದಲ್ಲಿ ಹೊರಳಾಡಿ ಹೊರಳಾಡಿ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತೇವೆ.

ನನ್ನ ಜೊತೆ ಪಾಠ ಹೇಳಿ ನಿವೃತ್ತರಾದ ಗೆಳತಿಯರ ಮನೆಯಲ್ಲೆಲ್ಲ ಈಗ ಇನ್ವರ್ಟರ್ ಬಂದಿದೆ. ಅವರ ಫ್ಯಾನು ಕರೆಂಟು ಇದ್ದರೂ ತಿರುಗುತ್ತದೆ, ಹೋದರೂ ತಿರುಗುತ್ತದೆ. ಅಂಥ ಫ್ಯಾನನ್ನು ನಂಬಿ ಏನನ್ನು ತಿಳಿದುಕೊಳ್ಳುವುದು? ನಮ್ಮ ಮನೆಗೆ ಇನ್ವರ್ಟರ್ ಬೇಡವೆಂದು ಹಟ ಹಿಡಿದವನು ನನ್ನ ಅಣ್ಣ ಚನ್ನಪ್ಪ. ಗಂಡ ತೀರಿಕೊಂಡ ಮೇಲೆ ನಾನು ತವರಿಗೇ ಬಂದು ಅಣ್ಣ ಮತ್ತು ವೈನಿಯ, ಅಂದರೆ ಅತ್ತಿಗೆಯ, ಜೊತೆ ಇದ್ದವಳು. ನನ್ನ ಪಿಂಚಣಿಯಲ್ಲಿ ಒಂದು ಇನ್ವರ್ಟರ್ ಹಾಕಿಸುವುದು ದೊಡ್ಡ ಮಾತಾಗಿರಲಿಲ್ಲ. ಆದರೆ ಅಣ್ಣ ಕೈ ಅಲ್ಲಾಡಿಸಿಬಿಟ್ಟ. ಬೇಸಿಗೆಯಲ್ಲಿ ಬೀಸಣಿಗೆ ಹಿಡಿದು ಗೊಣಗುವ ಕೆಲಸ ವೈನಿಯ ಪಾಲಿಗೆ ಬಂತು.

ಫ್ಯಾನು ನೋಡುವ ಈ ಅಭ್ಯಾಸದ ಹಿಂದೆ ಒಂದು ಹಳೆಯ ಪದ್ಧತಿಯಿದೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಎತ್ತಿ ಓಣಿಯ ಮೂಲೆ ದಾಟಿಸುವ ತನಕ ಯಾರೂ ಮಗ್ಗ ಮುಟ್ಟುತ್ತಿರಲಿಲ್ಲ. ಡಂಗುರವಿಲ್ಲ, ಹೇಳಿಕಳಿಸುವುದಿಲ್ಲ. ಸುದ್ದಿ ತಿಳಿದ ಮೊದಲ ಮನೆಯವನು ಲಾಳಿ ಕೆಳಗಿಡುತ್ತಿದ್ದ. ಅವನ ಸದ್ದು ನಿಂತದ್ದನ್ನು ಕೇಳಿ ಪಕ್ಕದವನು, ಅವನದನ್ನು ಕೇಳಿ ಅದರಾಚೆಯವನು. ಹೀಗೆ ಗಳಿಗೆಯೊಳಗೆ ಓಣಿಯೆಲ್ಲ ಸುಮ್ಮನಾಗುತ್ತಿತ್ತು. ಅಮಾವಾಸ್ಯೆಯ ರಜೆ ಬಿಟ್ಟರೆ ಮಗ್ಗ ನಿಲ್ಲಲು ಇನ್ನೊಂದು ಕಾರಣ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಆಗ ಇದ್ದವು ಕುಣಿಮಗ್ಗಗಳು: ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮೆಟ್ಟುತ್ತ, ಲಾಳಿ ಒಗೆಯುತ್ತ ಸೀರೆ ನೇಯುವ ಕೈಮಗ್ಗಗಳು. ನೇಕಾರ ಹುಟ್ಟಿದಾಗಿನಿಂದ ಅರ್ಧ ಕುಣಿಯೊಳಗೇ ಇರುತ್ತಾನೆ, ಸತ್ತಾಗ ಉಳಿದರ್ಧ ಇಳಿಸಿದರೆ ಆಯಿತು ಎಂದು ನಮ್ಮ ಆಯಿ ನಗುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ.

ಈಗ ಕುಣಿಗಳನ್ನು ಮುಚ್ಚಿ ಫರಸಿಕಲ್ಲು ಹಾಕಿದ್ದೇವೆ. ಮಗ್ಗಗಳು ಕರೆಂಟಿನವು, ಒಂದೊಂದು ಶೆಡ್ಡಿನಲ್ಲಿ ಸಾಲುಸಾಲು. ನಡೆಸುವವರು ಪಾಳಿಯ ಮೇಲೆ ಬರುವವರು, ಒಬ್ಬರಿಗೆ ಇನ್ನೊಬ್ಬರ ಮನೆಯ ಸಾವು ತಿಳಿಯುವಷ್ಟರಲ್ಲಿ ಮಣ್ಣೂ ಮುಗಿದಿರುತ್ತದೆ. ಯಾರನ್ನೂ ಬೈಯಲಾರೆ. ಆದರೆ ಎಷ್ಟೋ ವರ್ಷಗಳಿಂದ, ಸದ್ದು ನಿಂತಿತೆಂದು ತಲೆ ಎತ್ತಿದಾಗಲೆಲ್ಲ, ಫ್ಯಾನು ನಿಂತೇ ಇರುತ್ತಿತ್ತು. ಪದ್ಧತಿ ಹೋಗಿದ್ದರೂ ತಲೆ ಎತ್ತುವ ಚಟ ಮಾತ್ರ ನಮ್ಮಲ್ಲಿ ಉಳಿದುಕೊಂಡಿತ್ತು.

ಈ ಪದ್ಧತಿಯ ಮೇಲೆ ಮೊದಲ ಗೀರು ಎಳೆದವನು ನನ್ನ ಅಣ್ಣನೇ, ಅದೂ ಕನ್ನಡದ ಸಲುವಾಗಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು, ಅದಕ್ಕಾಗಿ ಬರೆದ ವರದಿ ಜಾರಿಯಾಗಬೇಕು ಎಂದು ನಾಡಿಗೆ ನಾಡೇ ಬೀದಿಗಿಳಿದಿತ್ತು. ನಾನು ದಿನಾ ಬಸ್ಸು ಹತ್ತಿ ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದೆ. ಅಣ್ಣ ಏಳನೆಯ ಇಯತ್ತೆಗೇ ಸಾಲಿ ಬಿಟ್ಟು ಅಪ್ಪನ ಮಗ್ಗಕ್ಕೆ ಇಳಿದಿದ್ದ. ಓದಿದ ನಾನು ಮನೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ, ಓದದ ಅವನು ಬೀದಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ಅರಿಶಿನ ಬಣ್ಣದ ನೂಲು, ಕುಂಕುಮ ಬಣ್ಣದ ನೂಲು ಎರಡನ್ನೂ ಒಂದೇ ಹಾಸಿನಲ್ಲಿ, ಅಂದರೆ ಮಗ್ಗದ ಉದ್ದನೆಯ ಎಳೆಗಳಲ್ಲಿ, ಹೂಡಿ ಹೊಲಿಗೆಯಿಲ್ಲದ ಬಾವುಟವೊಂದನ್ನು ನೇಯ್ದಿದ್ದ. ಮುಂದೆ ಆಯಿ ಅದನ್ನು ಕತ್ತರಿಸಿ ತುಂಡುಬಟ್ಟೆಯ ಕೌದಿಗೆ ಹಚ್ಚಿದಳೆಂಬುದು ಬೇರೆ ಮಾತು. ಆ ದಿನಗಳಲ್ಲಿ ಅದು ಇಡೀ ಪೇಟೆಯ ಕಣ್ಣು ಕುಕ್ಕಿತ್ತು.

ನೆನೆದರೆ ನಗು ಬರುತ್ತದೆ. ಕನ್ನಡಕ್ಕಾಗಿ ನಾವು ಕೂಗಿದ ಘೋಷಣೆಗಳಲ್ಲಿ ಕನ್ನಡ ಎಷ್ಟಿತ್ತು? ‘ಬಂದ್’ ನಮ್ಮದಲ್ಲ, ‘ಜಾರಿ’ ನಮ್ಮದಲ್ಲ, ‘ಜಿಂದಾಬಾದ್’ ಅಂತೂ ಅಲ್ಲವೇ ಅಲ್ಲ. ‘ಚಳವಳಿ’ ಎಂಬ ಮಾತಿಗೂ ಮರಾಠಿಯ ವಾಸನೆ. ಸಂಸ್ಥಾನದ ಕಾಲದಲ್ಲಿ ಕಚೇರಿಯ ಕಾಗದಗಳೆಲ್ಲ ಮರಾಠಿಯಲ್ಲಿದ್ದವೆಂದು ಹಿರಿಯರು ಹೇಳುತ್ತಿದ್ದ ಸೀಮೆ ಇದು. ಹೀಗೆ ನೆರೆಹೊರೆಯಿಂದ ಕಡ ತಂದ ಕೂಗಿನಲ್ಲೇ ನಾವು ನಮ್ಮ ಮನೆಯ ಮಾತನ್ನು ಕಾಯಲು ಹೊರಟಿದ್ದೆವು, ಮತ್ತು ಅದರಲ್ಲಿ ನಮಗೆ ಏನೂ ಕೊರತೆ ಕಾಣಿಸಿರಲಿಲ್ಲ. ಕೊರತೆ ಕಂಡದ್ದು ಆಯಿಗೆ. ‘ವರದಿ ಜಾರಿಯಾಗಲಿ’ ಎಂದು ಅಣ್ಣ ಅಂಗಳದಲ್ಲಿ ಕೂಗು ರೂಢಿಸುವಾಗ, ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ, ಆಗಲಿ ಎಂದು ಯಾಕೆ ಒದರುತ್ತೀರಿ ಎಂದು ಗದರಿದ್ದಳು.

ಬಂದ್‌ನ ದಿನ ಅಂಗಡಿ, ಸಾಲಿ, ಬಸ್ಸು ನಿಲ್ಲಿಸುವುದು ಸುಲಭವಾಗಿತ್ತು. ಬನಹಟ್ಟಿಯಲ್ಲಿ ಬಂದ್ ಎಂದರೆ ಮಗ್ಗ ನಿಲ್ಲಬೇಕು. ಮಗ್ಗ ನಿಲ್ಲದೆ ಬೇರೆ ಏನು ನಿಂತರೂ ಊರು ನಡೆದೇ ಇರುತ್ತದೆ. ಅಣ್ಣ ಮತ್ತು ಅವನ ಗೆಳೆಯರು ಹಿಂದಿನ ದಿನ ಮನೆಮನೆಗೆ ಹೋಗಿ ಕೈ ಮುಗಿದು ಕೇಳಿಕೊಂಡರು. ಹಿರಿಯರು ಮುಖ ಸಿಂಡರಿಸಿದರು. ಸಾವಿಲ್ಲದೆ, ಅಮಾವಾಸ್ಯೆಯಿಲ್ಲದೆ ಮಗ್ಗ ನಿಲ್ಲಿಸುವುದೆಂದರೆ ಏನೋ ಅಪಶಕುನವೆಂದು ಅವರಿಗೆ ಅನ್ನಿಸಿತು. ಆದರೂ ಕೇಳುವವನು ಚನ್ನಪ್ಪ, ಹಾಲಿನಂಥ ಹುಡುಗ, ಒಪ್ಪಿಕೊಂಡರು. ಮರುದಿನ ಬೆಳಗ್ಗೆ ಸೂರ್ಯ ಮೇಲೇರಿದರೂ ಒಂದು ಲಾಳಿಯೂ ಓಡಲಿಲ್ಲ. ನಮ್ಮ ಓಣಿಯಲ್ಲಿ ಗುಬ್ಬಿಗಳಿವೆ ಎಂದು ನನಗೆ ತಿಳಿದದ್ದು ಅವತ್ತೇ.

ಆಯಿ ಅವತ್ತು ಊರಲ್ಲಿರಲಿಲ್ಲ. ಸಾವಳಗಿಯ ಮಗಳ ಮನೆಗೆ ಹೋಗಿದ್ದವಳಿಗೆ ಬಂದ್‌ನ ಸುದ್ದಿ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವಳು ಅದನ್ನು ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಬಸ್ಸು ಬಾರದ್ದು ನೋಡಿ ಇತ್ತ ಬರುವ ಯಾರದೋ ಚಕ್ಕಡಿ ಹತ್ತಿ ಬಂದಳು. ಓಣಿಯ ಮೂಲೆಯಲ್ಲಿ ಇಳಿದು ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಬೆರಳು ಮಡಚಿ ತಿಥಿ ನೋಡಿಕೊಂಡಳು, ಅಮಾವಾಸ್ಯೆ ಅಲ್ಲ. ಅಷ್ಟು ಸಾಕಾಯಿತು. ಕೈಯ ಗಂಟನ್ನು ಕಟ್ಟೆಯ ಮೇಲಿಟ್ಟು, ಸೆರಗು ತಲೆತುಂಬ ಎಳೆದುಕೊಂಡು, ನಮ್ಮ ಕಡೆಯ ಹೆಂಗಸರು ಹಾಡಿಕೊಂಡು ಅಳುವ ರೀತಿಯಲ್ಲಿ ಅಳಲು ಶುರು ಮಾಡಿದಳು. ಸತ್ತವರು ಗಂಡೋ ಹೆಣ್ಣೋ ತಿಳಿಯದ್ದರಿಂದ ಒಂದು ಸಲ ಯಪ್ಪಾ ಎಂದೂ ಒಂದು ಸಲ ಯವ್ವಾ ಎಂದೂ ಕರೆದು, ಓಣಿಯ ಬೆಳಕು ಆರಿತು, ಹೇಳದೆ ಹೋದೆ ಎಂದು ಹಾಡುತ್ತ ಮನೆಮನೆಯ ಬಾಗಿಲು ಇಣುಕುತ್ತ ಬಂದಳು. ನಾವೆಲ್ಲ ಹೊರಗೆ ಬಂದೆವು. ಹೆಂಗಸರಿಗೆ ನಗು ತಡೆಯಲಾಗಲಿಲ್ಲ.

‘ಯಾರ ಹೋದ್ರ ಬೇ?’ ಎಂದು ನನ್ನ ಅವ್ವನನ್ನು ಕೇಳಿದಳು.

ಯಾರೂ ಹೋಗಿಲ್ಲ, ಕನ್ನಡದ ಸಲುವಾಗಿ ಮಗ್ಗ ನಿಲ್ಲಿಸಿದ್ದಾರೆ ಎಂದು ಅವ್ವ ತಿಳಿಸಿ ಹೇಳಿದಳು. ಆಯಿ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನಿಂತಳು.

‘ಕನ್ನಡಕ್ಕ ಏನಾಗೇತಿ? ಮೊನ್ನಿ ತನಕ ಛಲೋ ಇತ್ತಲ್ಲ?’

ಈ ಮಾತನ್ನು ಮುಂದೆ ನಾನು ಕನ್ನಡ ಶಿಕ್ಷಕಿಯಾಗಿ ಎಷ್ಟು ವರ್ಷ, ಎಷ್ಟು ಸಭೆಗಳಲ್ಲಿ ನೆನೆಸಿಕೊಂಡು ಒಳಗೊಳಗೇ ನಕ್ಕಿದ್ದೇನೋ. ಅವತ್ತು ಮಾತ್ರ ನಗುವ ಹೊತ್ತು ಬೇಗ ಮುಗಿಯಿತು. ಆಯಿ ಸರಸರ ಮನೆಯೊಳಗೆ ಹೋದಳು, ಅಣ್ಣನ ಮಗ್ಗದ ಕುಣಿಗೆ ಇಳಿದು ಕೂತಳು, ಮತ್ತು ಖಟಕ್ ಎಂದು ಒಂದು ಎಳೆ ಹೊಡೆದಳು. ಇಡೀ ಊರು ಸುಮ್ಮನಿದ್ದಾಗ ಒಂದು ಮಗ್ಗದ ಸದ್ದು ಎಷ್ಟು ದೂರ ಹೋಗುತ್ತದೆಂದು ನೀವು ಊಹಿಸಲಾರಿರಿ. ಮೆರವಣಿಗೆಗೆ ಸೇರಿದ್ದ ಹುಡುಗರೆಲ್ಲ ನಮ್ಮ ಬಾಗಿಲಿಗೆ ಬಂದು ನಿಂತರು. ಮುಂದೆ ಅಣ್ಣ, ಕೈಯಲ್ಲಿ ಬಾವುಟ. ಬಂದ್ ಮಾಡಿಸಿದವನ ಮನೆಯಲ್ಲೇ ಮಗ್ಗ ನಡೆದರೆ ಅವನ ಮುಖ ಹೇಗಾಗಿರಬೇಡ. ಆಯಿ ಕುಣಿಯಿಂದಲೇ ತಲೆ ಎತ್ತಿದಳು.

‘ಸತ್ತವರ ಇಲ್ಲದ ಮಗ್ಗ ನಿಲ್ಲಸಬಾರದೋ ತಮ್ಮಾ. ಸುಮ್ಮನ ನಿಂತ ಮಗ್ಗ ಒಂದ ಜೀವಾ ಕೇಳತೈತಿ. ಒಂದ ಎಳಿ ಹೊಡದೇನಿ, ಇನ್ನ ನೀ ಹೋಗ.’

ಅಣ್ಣ ಬಾಗಿಲು ಎಳೆದುಕೊಂಡು ಹೋದ. ಗೆಳೆಯರೆಲ್ಲ ಅರಳೆ ಸಾಗಿಸುವ ಲಾರಿಯೊಂದನ್ನು ಹತ್ತಿ, ಜೈ ಎನ್ನುತ್ತ ಜಮಖಂಡಿಗೆ ಹೊರಟರು. ಅಲ್ಲಿ ಮುಧೋಳದವರೂ ಬೀಳಗಿಯವರೂ ಸೇರಿದ್ದರಂತೆ. ಬೀಳಗಿ ಕಡೆಯ ಮುದುಕನೊಬ್ಬ ಅಣ್ಣನ ಬಾವುಟದ ನೇಯ್ಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅಣೆಕಟ್ಟೆಯ ನೀರು ಏರಿದರೆ ನಮ್ಮ ಊರು ಮುಳುಗುತ್ತದೆ, ಆಮೇಲೆ ಊರ ಹೆಸರಿನ ಫಲಕ ಯಾವ ಭಾಷೆಯಲ್ಲಿದ್ದರೇನು ಎಂದು ಕೇಳಿದನಂತೆ. ಹಾಗೆ ಕೇಳಿದವನೇ ಮೆರವಣಿಗೆಯ ಕೊನೆಯ ತನಕ ನಡೆದು, ಎಲ್ಲರಿಗಿಂತ ಜೋರಾಗಿ ಕೂಗಿದನಂತೆ. ಇದನ್ನು ಅಣ್ಣ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಆ ಊರು ನಿಜವಾಗಿಯೂ ನೀರಿನಡಿ ಹೋದ ಮೇಲೆ.

ಮುಂದಿನ ವರ್ಷವೇ ಆಯಿ ತೀರಿಕೊಂಡಳು. ವಯಸ್ಸಾಗಿತ್ತು, ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಅಣ್ಣ ಪಡಸಾಲೆಯಲ್ಲಿ ಅವಳ ತಲೆಯ ಹತ್ತಿರ ಕೂತಿದ್ದ. ನಾವು ಇನ್ನೂ ಯಾರಿಗೂ ಹೇಳಿಕಳಿಸಿರಲಿಲ್ಲ. ಅವ್ವನ ಮೊದಲ ಅಳು ಗೋಡೆ ದಾಟಿ ಹೋಗಿತ್ತು ಅಷ್ಟೆ. ಪಕ್ಕದ ಮಗ್ಗ ನಿಂತಿತು. ಆಮೇಲೆ ಎದುರಿನದು. ಆಮೇಲೆ ದೂರದವು, ಒಂದೊಂದಾಗಿ, ಓಣಿಯ ಕೊನೆಯ ತನಕ. ಅಣ್ಣ ತಲೆ ಎತ್ತಿ ಆ ನಿಲ್ಲುವ ಸದ್ದನ್ನೇ ಕೇಳುತ್ತ ಕೂತಿದ್ದ. ಅವನ ಕಣ್ಣಲ್ಲಿ ನೀರು ಬಂದದ್ದು ಆಗ. ಬಂದ್‌ನ ದಿನ ಕೈ ಮುಗಿದು, ಮನೆಮನೆ ಅಲೆದು ಅವನು ತಂದ ಮೌನವೂ ಇಷ್ಟೇ ದೊಡ್ಡದಿತ್ತು. ಆದರೆ ಅದು ಬೇರೆ, ಇದು ಬೇರೆ ಎಂದು ಅವನಿಗೆ ತಿಳಿದದ್ದು ಅವತ್ತೇ ಇರಬೇಕು.

ಚಳವಳಿ ಗೆದ್ದಿತೋ ಸೋತಿತೋ ನಾನು ತೀರ್ಪು ಹೇಳಲಾರೆ. ನನ್ನ ಮಟ್ಟಿಗೆ ಗೆದ್ದಿತು. ರಬಕವಿಯ ಸಾಲಿಯಲ್ಲಿ ಕನ್ನಡ ಶಿಕ್ಷಕಿಯಾಗಿ, ಊರವರ ಬಾಯಲ್ಲಿ ‘ಅಕ್ಕೋರ’ ಆಗಿ, ತಲೆ ಬೆಳ್ಳಗಾಗುವ ತನಕ ಅ ಆ ಇ ಈ ಉಂಡು ಬದುಕಿದವಳು ನಾನು. ಕೂಗಿದವನು ಅಣ್ಣ. ಅಪ್ಪನ ಕಾಲ ಮುಗಿದು ಕುಣಿಮಗ್ಗಗಳು ಎದ್ದುಹೋದಾಗ ಅಣ್ಣನೂ ಪಾವರ್‌ಲೂಮಿನ ಶೆಡ್ಡಿಗೆ ಹೋದ. ಬೆಳಗಿನಿಂದ ಸಂಜೆಯ ತನಕ ಆ ಕಬ್ಬಿಣದ ಗದ್ದಲದ ನಡುವೆ ನಿಂತು ನಿಂತು ಅವನ ಕಿವಿ ಮೆಲ್ಲಗೆ ಮಂದವಾಗುತ್ತ ಬಂತು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಫೋನಿನ ಗಂಟೆ, ಕೊನೆಗೆ ಮನುಷ್ಯರ ಮಾತು. ಕನ್ನಡಕ್ಕಾಗಿ ಗಂಟಲು ಹರಿದುಕೊಂಡವನ ಕಿವಿಗೆ ಕೊನೆಯ ವರ್ಷಗಳಲ್ಲಿ ಕನ್ನಡ ಬೀಳಲೇ ಇಲ್ಲ. ನಾನು ಹೇಳಬೇಕಾದ್ದನ್ನು ಅವನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದೆ. ವೈನಿಗೆ ಅಕ್ಷರ ಬಾರದು. ಅವಳು ಕಣ್ಣು, ಹುಬ್ಬು, ಸೌಟುಗಳಿಂದಲೇ ಸಂಸಾರ ನಡೆಸಿದಳು, ಮತ್ತು ನನಗಿಂತ ಚೆನ್ನಾಗಿ ನಡೆಸಿದಳು.

ಕಿವಿ ಹೋದವನನ್ನು ಮಗ್ಗದ ಮುಂದೆ ನಿಲ್ಲಿಸುವುದಿಲ್ಲ. ಎಳೆ ಹರಿದ ಸದ್ದು ಕೇಳಬೇಕಲ್ಲ. ಅಣ್ಣ ಕೆಚ್ಚುವ ಕೆಲಸ ಹಿಡಿದ. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಗಂಟು ಹಾಕುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಧೈರ್ಯಕ್ಕೂ ಕನ್ನಡದಲ್ಲಿ ಕೆಚ್ಚು ಎನ್ನುತ್ತಾರೆಂದು ನಾನು ಮಕ್ಕಳಿಗೆ ಹೇಳುವಾಗ, ಮಗ್ಗದ ಕೆಳಗೆ ಬೆನ್ನು ಬಾಗಿಸಿ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆ ಹೊಸೆಯುವ ಅಣ್ಣ ಕಣ್ಣ ಮುಂದೆ ಬರುತ್ತಿದ್ದ. ಓಣಿಯ ಎಲ್ಲ ಶೆಡ್ಡಿಗೂ ಅವನನ್ನು ಕರೆಯುತ್ತಿದ್ದರು. ಅವನ ಗಂಟು ಇಲ್ಲದ ಹಾಸು ನಮ್ಮ ಓಣಿಯಲ್ಲಿ ಇರಲಿಲ್ಲ ಎಂದರೂ ನಡೆಯುತ್ತದೆ.

ಮಗ್ಗಗಳು ನಡೆಯುತ್ತಿವೆಯೋ ಇಲ್ಲವೋ ಅವನು ತಿಳಿಯುತ್ತಿದ್ದದ್ದು ಅಂಗೈಯಿಂದ. ನಮ್ಮ ಪಡಸಾಲೆಯ ಒಂದು ಗೋಡೆಯ ಆಚೆಗೆ ರಮೇಶನೆಂಬ ಹುಡುಗನ ಶೆಡ್ಡು. ಅವನ ಮಗ್ಗಗಳು ನಡೆದಾಗ ಆ ಗೋಡೆ ಸಣ್ಣಗೆ ನಡುಗುತ್ತದೆ. ಅಣ್ಣ ಹೋಗುತ್ತ ಬರುತ್ತ ಅದಕ್ಕೆ ಅಂಗೈ ಹಚ್ಚಿ ನೋಡುತ್ತಿದ್ದ. ಜ್ವರ ನೋಡುವ ಡಾಕ್ಟರನ ಗತ್ತು ನೋಡು ಎಂದು ವೈನಿ ನಗುತ್ತಿದ್ದಳು.

ಓಣಿಯಲ್ಲಿ ಸಾವಾದ ದಿನ ಮಾತ್ರ ಆ ನಗು ಇರುತ್ತಿರಲಿಲ್ಲ. ಮಗ್ಗಗಳು ತಾವಾಗಿ ನಿಲ್ಲುವುದು ತಪ್ಪಿದ ಮೇಲೆ ಅಣ್ಣ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಕೈ ಮುಗಿದು ನಿಲ್ಲುತ್ತಿದ್ದ. ಒಂದಾನೊಂದು ದಿನ ಕನ್ನಡಕ್ಕಾಗಿ ಹೇಗೆ ನಿಂತಿದ್ದನೋ ಹಾಗೆಯೇ, ಈಗ ಯಾರದೋ ತಾಯಿಗಾಗಿ, ಯಾರದೋ ಮಾವನಿಗಾಗಿ. ಕೆಲವರು ನಿಲ್ಲಿಸುತ್ತಿದ್ದರು. ಕೆಲವರು ಇನ್ನೊಂದು ತಾಸು ಕಾಕಾ, ಲಾರಿ ಬಂದು ನಿಂತಿದೆ ಎನ್ನುತ್ತಿದ್ದರು. ಅವನಿಗೆ ಕೇಳಿಸದ್ದರಿಂದ ಕೈ ಮುಗಿದುಕೊಂಡೇ ಇರುತ್ತಿದ್ದ, ಅವರು ನಾಚಿ ಗುಂಡಿ ಒತ್ತುತ್ತಿದ್ದರು. ಅವನು ಬೆನ್ನು ತಿರುಗಿಸಿದೊಡನೆ ಮತ್ತೆ ಚಾಲೂ. ಅಣ್ಣ ಮನೆಗೆ ಬಂದು ಗೋಡೆಗೆ ಅಂಗೈ ಹಚ್ಚುತ್ತಿದ್ದ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ, ಗೋಡೆ ಇನ್ನೂ ನಡುಗುತ್ತಿರುವುದು ತಿಳಿದು ಕೈ ತೆಗೆಯುತ್ತಿದ್ದ. ಅವನು ಹಾಗೆ ಕೈ ತೆಗೆಯುವುದನ್ನು ನೋಡಲಾಗದೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವನಿಗೆ ದಮ್ಮು ಹೆಚ್ಚಾಯಿತು. ಎಳೆಯ ಧೂಳು ಎದೆಯಲ್ಲಿ ಕೂತಿತ್ತು. ಒಂದು ಸಂಜೆ, ವೈನಿ ದೀಪ ಹಚ್ಚುವ ಹೊತ್ತಿಗೆ, ನನ್ನನ್ನು ಹತ್ತಿರ ಕರೆದ. ಕಿವುಡರ ಮಾತಿಗೆ ಮೆಲುದನಿ ಇರುವುದಿಲ್ಲ. ಗುಟ್ಟನ್ನೂ ಅವನು ಸಭೆಯಲ್ಲಿ ಹೇಳುವಂತೆ ಹೇಳುತ್ತಿದ್ದ.

‘ನಾ ಹ್ವಾದಾಗ ನೀ ಯಾರ್ನೂ ಮಗ್ಗ ನಿಲ್ಲಸ್ರಿ ಅಂತ ಕೇಳಬ್ಯಾಡ. ಮಂದಿ ಸಲುವಾಗಿ ಕೇಳಬೇಕ, ನಮ್ಮ ಸಲುವಾಗಿ ಕೇಳಬಾರದ. ಕೇಳಿ ನಿಲ್ಲಿಸಿದ್ರ ಅದ ಬಂದ್ ಆಗತೈತಿ. ಬಂದ್ ನಾ ಒಂದ ಸಲ ಮಾಡೇನಿ, ಸಾಕ.’

ಕೇಳದಿದ್ದರೆ ಯಾರೂ ನಿಲ್ಲಿಸಲಿಕ್ಕಿಲ್ಲ ಎಂದು ಅವನ ಅಂಗೈಯಲ್ಲಿ ಬರೆಯಬೇಕೆಂದಿದ್ದೆ. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ, ಆಯಿಗೆ ಸಿಕ್ಕಿದ್ದು ತನಗೂ ಸಿಗಲಿ ಎಂಬ ಆಸೆ ಆ ಕಣ್ಣುಗಳಲ್ಲಿ ಎಷ್ಟು ಇತ್ತೆಂದರೆ, ನಾನು ಅವನ ಅಂಗೈಯಲ್ಲಿ ‘ಆತು’ ಎಂದು ಎರಡೇ ಅಕ್ಷರ ಬರೆದೆ. ಅವನು ಮುಷ್ಟಿ ಮುಚ್ಚಿಕೊಂಡ.

ಸಂಕ್ರಾಂತಿ ಕಳೆದ ಮೇಲೆ ಒಂದು ನಸುಕಿನಲ್ಲಿ ಅಣ್ಣ ಹೋದ. ನಮ್ಮವರ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಆ ಗೋಡೆಗೇ ಒರಗಿಸಿ ಕೂರಿಸಿದೆವು. ಕೆಳಗೆ ಆಯಿಯ ಹಳೆಯ ಕೌದಿ ಹಾಸಿದ್ದಳು ವೈನಿ. ಮಾಸಿದ ಕೆಂಪು ಹಳದಿ ತುಂಡೊಂದು ಅಂಚಿನಲ್ಲಿ ಕಾಣುತ್ತಿತ್ತು. ಬೆಳಗಾಯಿತು, ಚಹಾದ ಹೊತ್ತಾಯಿತು, ಗೋಡೆಯಾಚೆ ಮಗ್ಗಗಳು ಶುರುವಾದವು. ಎದುರಿನವೂ ಶುರುವಾದವು. ಜನ ಬಂದು ಕೂರುತ್ತಿದ್ದರು, ಅಳುತ್ತಿದ್ದರು, ಆ ಖಟಖಟದ ಮೇಲೆ ತಮ್ಮ ಅಳುವನ್ನು ಏರಿಸುತ್ತಿದ್ದರು. ಗೋಡೆ ನಡುಗುತ್ತಿತ್ತು, ಗೋಡೆಗೆ ಒರಗಿದ ಅಣ್ಣನೊಳಗೂ ಆ ನಡುಕ ಹೋಗುತ್ತಿರಬೇಕೆಂದು ನನಗೆ ಅನ್ನಿಸಿ, ಅಲ್ಲಿ ಕೂರಿಸಬಾರದಿತ್ತು ಎಂದು ಮನಸ್ಸು ಮಿಡುಕಿತು.

ವೈನಿ ನನ್ನ ಕೈ ಹಿಡಿದಳು. ‘ನೀ ಒಂದ ಮಾತ ಹೇಳವ್ವಾ. ಅಕ್ಕೋರ ಮಾತ ಯಾರೂ ಮೀರೂದಿಲ್ಲ. ಎಲ್ಲಾರ ಸಲುವಾಗಿ ಕೈ ಮುಗದಾಂವ ಅಂವ, ಅವನ ಸಲುವಾಗಿ ಒಂದ ಸಲ 
ಮುಗಿ.’

ಅಣ್ಣ ನನ್ನಿಂದ ಏನು ಮಾತು ತೆಗೆದುಕೊಂಡಿದ್ದನೆಂದು ಅವಳಿಗೆ ಹೇಳಿದೆ. ಅವಳು ನನ್ನ ಕೈ ಬಿಟ್ಟು ಮುಖ ತಿರುಗಿಸಿದಳು. ಬದುಕಿದ್ದಾಗಲೂ ಹೀಗೇ, ಸತ್ತ ಮೇಲೂ ಹೀಗೇ ಎಂದು ಗೊಣಗಿದ್ದು ಕೇಳಿಸಿತು. ಅದು ಅಣ್ಣನಿಗೋ ನನಗೋ ತಿಳಿಯಲಿಲ್ಲ. ಅಷ್ಟರಲ್ಲಿ ರಮೇಶ ಬಂದ. ಮೈತುಂಬ ಅರಳೆಯ ಧೂಳು. ಅಣ್ಣನಿಗೆ ನಮಸ್ಕಾರ ಮಾಡಿ, ನನ್ನ ಮುಂದೆ ಬಂದು ನಿಂತ.

‘ಅಕ್ಕೋರ, ನನ್ನ ಕಡಿಂದ ಏನರ ಆಗೂದ ಇತ್ತಂದ್ರ ಹೇಳ್ರಿ.’

ಒಂದು ಮಾತು. ನಾಲಗೆಯ ತುದಿಗೆ ಬಂದಿತ್ತು. ಹುಡುಗ ಅದನ್ನೇ ಕಾಯುತ್ತಿದ್ದಾನೇನೋ ಎಂದೂ ಅನ್ನಿಸಿತು. ವೈನಿ ಅತ್ತ ನೋಡುತ್ತಲೇ ಕಿವಿಯನ್ನು ನಮ್ಮ ಕಡೆಗೆ ಇಟ್ಟಿದ್ದಳು. ಏನೂ ಬೇಡಪ್ಪ, ಬಂದೆಯಲ್ಲ, ಅಷ್ಟೇ ಸಾಕು ಎಂದೆ. ಅವನು ಇನ್ನೊಂದು ಗಳಿಗೆ ನಿಂತು ಹೊರಟುಹೋದ. ಗೋಡೆಯಾಚೆಯ ಮಗ್ಗಗಳು ನಡೆದೇ ಇದ್ದವು. ಅಣ್ಣನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಸಾಯುವವರು ಮಾತು ತೆಗೆದುಕೊಂಡು ನಡೆದುಬಿಡುತ್ತಾರೆ, ಅದನ್ನು ಹೊತ್ತು ಕೂರುವವರು ಉಳಿದವರು.

ಮಧ್ಯಾಹ್ನಕ್ಕೆ ಭಜನೆಯವರು ಬಂದರು. ತಾಳ, ದಮ್ಮಡಿ, ನಾಲ್ಕು ಜನರ ತುಂಬುಗಂಟಲು. ಮನೆಯೊಳಗೆ ಬೇರೇನೂ ಕೇಳಿಸದಂತಾಯಿತು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತೆಂದುಕೊಂಡೆ. ಬರಬೇಕಾದವರೆಲ್ಲ ಬಂದರು, ಹೊತ್ತು ಇಳಿಯುತ್ತ ಬಂತು, ಹಿರಿಯರೊಬ್ಬರು ಇನ್ನು ಎತ್ತೋಣ ಎಂದು ಕೈ ಸನ್ನೆ ಮಾಡಿದರು. ಭಜನೆಯವರು ಪದ ಮುಗಿಸಿ ತಾಳ ಕೆಳಗಿಟ್ಟರು.

ಆಗ ಸದ್ದೇ ಇರಲಿಲ್ಲ.

ಹಿತ್ತಲಿನ ಬೇವಿನಲ್ಲಿ ಗುಬ್ಬಿಗಳು ಚಿಲಿಪಿಲಿ ಎನ್ನುತ್ತಿದ್ದವು. ಹಾಳಾದ ಕರೆಂಟು, ಇದೇ ಹೊತ್ತಿಗೆ ಹೋಗಬೇಕಿತ್ತೇ ಎಂದು ಮೊದಲು ಬೈದುಕೊಂಡೆ. ಆಮೇಲೆ, ಹೋಗಲಿ, ಅಣ್ಣನಿಗೆ ಕರೆಂಟಾದರೂ ಮರ್ಯಾದೆ ಕೊಟ್ಟಿತು ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ, ಹಳೆಯ ಚಟ, ತಲೆ ಎತ್ತಿದೆ.

ಫ್ಯಾನು ತಿರುಗುತ್ತಿತ್ತು.

ನನ್ನ ಕಣ್ಣು ಹೋದ ಕಡೆಗೆ ವೈನಿಯ ಕಣ್ಣೂ ಹೋಯಿತು. ಅಣ್ಣನನ್ನು ಎತ್ತಲು ಬಗ್ಗಿದವರಿಗೆ ವೈನಿ, ‘ಒಂದ ಗಳಿಗಿ ತಡೀರಿ’ ಎಂದಳು. ಮೊಣಕಾಲೂರಿ ಹತ್ತಿರ ಸರಿದು, ಬಿಗಿದುಕೊಂಡಿದ್ದ ಅವನ ಬಲಗೈಯನ್ನು ಮೆಲ್ಲಗೆ ಬಿಡಿಸಿ, ಅಂಗೈಯನ್ನು ಗೋಡೆಗೆ ಹಚ್ಚಿ ಹಿಡಿದಳು.